ಕಿಡ್ನಿಯ ಪಾಸ್‌ಬುಕ್

ಕಳೆದ ವರ್ಷ ನನ್ನ ರಕ್ತಪರೀಕ್ಷೆಯ ವರದಿಯಲ್ಲಿ ಒಂದು ಸಾಲು ಮಾತ್ರ ದಪ್ಪಕ್ಷರದಲ್ಲಿತ್ತು: ಕ್ರಿಯಾಟಿನಿನ್ 1.7. ಪಕ್ಕದಲ್ಲಿದ್ದ ಮೊಮ್ಮಗಳು, "ತಾತ, ಹೋದ ಸಲ 1.1 ಇತ್ತಲ್ವಾ? ಜಾಸ್ತಿ ಆದ್ರೆ ಒಳ್ಳೇದೇ ತಾನೇ?" ಎಂದಳು. ಬ್ಯಾಂಕ್ ಗುಮಾಸ್ತನ ಮೊಮ್ಮಗಳಲ್ಲವೇ, ಅಂಕಿ ಏರಿದರೆ ಲಾಭವೆಂದೇ ಅವಳ ಎಣಿಕೆ! ಆದರೆ ಮಕ್ಕಳೇ, ಇದು ಜಮೆಯಲ್ಲ, ಬಾಕಿ.

ನಾವು ತಿನ್ನುವ ಬೇಳೆ, ಹಾಲು, ಮೊಟ್ಟೆಗಳಲ್ಲಿ ಪ್ರೋಟೀನ್ ಇದೆ, ಅದರೊಳಗೆ ಸಾರಜನಕವಿದೆ. ಹೆಚ್ಚಾದ ಪ್ರೋಟೀನನ್ನು ದೇಹ ಕೊಬ್ಬಿನಂತೆ ಕೂಡಿಡಲಾರದು. ಅದನ್ನು ಒಡೆದಾಗ ಅಮೋನಿಯ ಹುಟ್ಟುತ್ತದೆ. ಅದು ವಿಷ. ನೀರಿನಲ್ಲೇ ಇರುವ ಮೀನು ಅದನ್ನು ಹಾಗೆಯೇ ಹೊರಬಿಡುತ್ತದೆ. ನಮ್ಮ ಯಕೃತ್ತು ಅದನ್ನು ಯೂರಿಯಾ ಮಾಡುತ್ತದೆ. ಹಕ್ಕಿ, ಹಲ್ಲಿಗಳು ನೀರು ಉಳಿಸಲು ಯೂರಿಕ್ ಆಮ್ಲ ಮಾಡುತ್ತವೆ. ಹಲ್ಲಿಯ ಹಿಕ್ಕೆಯ ತುದಿಯಲ್ಲಿ ಬಿಳಿ ಚುಕ್ಕೆ ನೋಡಿದ್ದೀರಲ್ಲ? ಅದೇ ಅದು!

ಗದ್ದೆಗೆ ಹಾಕುವ ಯೂರಿಯಾ ಗೊಬ್ಬರವೂ ಇದೇ ವಸ್ತು. 1828ರಲ್ಲಿ ಜರ್ಮನಿಯ ಫ್ರೆಡ್ರಿಕ್ ವೋಲರ್ ಇದನ್ನು ಮೊದಲ ಬಾರಿ ಪ್ರಯೋಗಶಾಲೆಯಲ್ಲಿ ತಯಾರಿಸಿದ.

ಈ ಕಸವನ್ನು ಹೊರಹಾಕುವವು ಮುಷ್ಟಿ ಗಾತ್ರದ ಎರಡು ಮೂತ್ರಪಿಂಡಗಳು. ಒಂದೊಂದರಲ್ಲೂ ಸುಮಾರು 10 ಲಕ್ಷ ಸೂಕ್ಷ್ಮ ಜರಡಿಗಳು. ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಬೇಕಾದ್ದನ್ನೆಲ್ಲ ವಾಪಸ್ ಪಡೆದು, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಬಿಡುತ್ತವೆ.

ಅವು ಸರಿಯಾಗಿ ದುಡಿಯುತ್ತಿವೆಯೇ ಎಂದು ತಿಳಿಯುವುದು ಹೇಗೆ? ರಕ್ತದಲ್ಲಿ ಉಳಿದ ಕಸವನ್ನು ಅಳೆದು. ಯೂರಿಯಾ ಊಟಕ್ಕೆ ತಕ್ಕಂತೆ, ಕುಡಿದ ನೀರಿಗೆ ತಕ್ಕಂತೆ ಏರಿಳಿಯುತ್ತದೆ. ಸ್ನಾಯುಗಳಿಂದ ಬರುವ ಕ್ರಿಯಾಟಿನಿನ್ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹುಟ್ಟುವುದರಿಂದ ಅದೇ ಹೆಚ್ಚು ನಂಬಿಕೆಯ ಅಳತೆಗೋಲು. ದೊಡ್ಡವರಲ್ಲಿ ಸಾಮಾನ್ಯವಾಗಿ 0.6ರಿಂದ 1.2 ಮಿಲಿಗ್ರಾಂ ಇರುತ್ತದೆ, ಒಂದು ಡೆಸಿಲೀಟರ್ ರಕ್ತದಲ್ಲಿ.

ಇಲ್ಲೊಂದು ಮೋಸವಿದೆ. ಕಿಡ್ನಿಯ ಅರ್ಧದಷ್ಟು ಶಕ್ತಿ ಹೋಗುವವರೆಗೂ ಈ ಅಂಕಿ ಮಿತಿಯೊಳಗೇ ಇರಬಹುದು. 1.1 ಎಂಬುದು ಪೈಲ್ವಾನನಿಗೆ ಸಹಜ, ಬಡಕಲು ಅಜ್ಜಿಗೆ ಎಚ್ಚರಿಕೆ. ಆದ್ದರಿಂದ ವಯಸ್ಸು, ಲಿಂಗ ಸೇರಿಸಿ 'ಇಜಿಎಫ್‌ಆರ್' ಎಂಬ ಲೆಕ್ಕ ಹಾಕುತ್ತಾರೆ. ಅದು ಮೂರು ತಿಂಗಳಿಗೂ ಮೀರಿ 60ಕ್ಕಿಂತ ಕೆಳಗೇ ಇದ್ದರೆ ಕಿಡ್ನಿ ಕಾಯಿಲೆ ಎಂದರ್ಥ. ಮೂತ್ರದಲ್ಲಿ ಆಲ್ಬುಮಿನ್ ಸೋರುತ್ತಿದೆಯೇ ಎಂದೂ ನೋಡುತ್ತಾರೆ.

ನನ್ನ ಕಥೆಗೆ ಬರೋಣ. ಮಂಡಿನೋವಿಗೆಂದು ಮೂರು ತಿಂಗಳು ನಾನೇ ಔಷಧಿ ಅಂಗಡಿಯಿಂದ ಮಾತ್ರೆ ತಂದು ನುಂಗಿದ್ದೆ. ಡಾಕ್ಟರನ್ನು ಕೇಳಿರಲಿಲ್ಲ. "ಕೆಲವು ನೋವಿನ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತವೆ, ನಿಲ್ಲಿಸಿ" ಎಂದರು ಅವರು. ಎರಡು ತಿಂಗಳಲ್ಲಿ 1.3ಕ್ಕೆ ಇಳಿಯಿತು. ಹಳೆಯ 1.1 ಮಾತ್ರ ಮರಳಿ ಬರಲಿಲ್ಲ.

ಮನೆಯಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿದ್ದರೆ ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆ ಮಾಡಿಸಲು ನೀವೇ ನೆನಪಿಸಿ. ಹಳೆಯ ವರದಿಗಳನ್ನು ಎಸೆಯಬೇಡಿ. ಹಿಂದಿನ ಅಂಕಿ ಗೊತ್ತಿದ್ದರೆ ತಾನೇ ಇಂದಿನದರ ಅರ್ಥ ತಿಳಿಯುವುದು?

ಈಗ ನನ್ನ ಅಂಕಿಗಳನ್ನು ತಾರೀಖಿನ ಸಮೇತ ಮೊಮ್ಮಗಳೇ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಮಾತ್ರೆಯ ಡಬ್ಬಿಯನ್ನೂ ತನಿಖೆ ಮಾಡುತ್ತಾಳೆ. ನಮ್ಮ ಬ್ಯಾಂಕಿನ ಆಡಿಟರ್ ಕೂಡ ಇಷ್ಟು ಕಟ್ಟುನಿಟ್ಟಾಗಿರಲಿಲ್ಲ!