ಸ್ಪೋರ್ಟ್ಸ್ ಕಾರಿಗೆ ಹೊಸ ಟೈರು: ಅಗಲವಾಗಿ, ಮೃದುವಾಗಿ ಇದ್ದರೆ ಸಾಕೇ?

ಕಾರಿನ ಎಂಜಿನ್ ಎಷ್ಟೇ ಶಕ್ತಿಶಾಲಿಯಾಗಿರಲಿ, ಬ್ರೇಕ್ ಎಷ್ಟೇ ಚೆನ್ನಾಗಿರಲಿ, ಅವುಗಳ ಕೆಲಸವೆಲ್ಲ ರಸ್ತೆಗೆ ತಲುಪುವುದು ನಾಲ್ಕು ಟೈರುಗಳ ಮೂಲಕವೇ. ಒಂದೊಂದು ಟೈರು ನೆಲವನ್ನು ಮುಟ್ಟುವ ಜಾಗ ಹೆಚ್ಚುಕಡಿಮೆ ನಮ್ಮ ಅಂಗೈಯಷ್ಟು. ಹಾಗಾಗಿ ಸ್ಪೋರ್ಟ್ಸ್ ಕಾರಿನ ಟೈರು ಸವೆದಾಗ 'ಇರುವುದರಲ್ಲೇ ಅಗಲವಾದ, ಅತಿ ಹೆಚ್ಚು ಗ್ರಿಪ್ ಇರುವ ಟೈರು ಹಾಕಿಸಿಬಿಡಿ' ಎಂಬ ಸಲಹೆ ಬಂದೇ ಬರುತ್ತದೆ. ಕೇಳಲು ಸರಿ ಎನಿಸುವ ಈ ಮಾತು ಎಷ್ಟು ನಿಜ? ನೋಡೋಣ.

ಟೊಯೊಟಾ 86 ಹೇಳುವ ಪಾಠ

2012ರಲ್ಲಿ ಮಾರುಕಟ್ಟೆಗೆ ಬಂದ ಟೊಯೊಟಾ 86, ಹಿಂಬದಿ ಚಕ್ರಗಳ ಬಲದಿಂದ ಓಡುವ ಪುಟ್ಟ ಸ್ಪೋರ್ಟ್ಸ್ ಕಾರು. ಇದರ 17 ಇಂಚಿನ ಚಕ್ರಗಳಿಗೆ ಬರುತ್ತಿದ್ದದ್ದು ಮಿಶೆಲಿನ್ ಪ್ರೈಮಸಿ ಎಚ್‌ಪಿ ಟೈರು. ಇಂಧನ ಉಳಿತಾಯಕ್ಕೆ ಹೆಸರಾದ ಪ್ರಿಯಸ್ ಹೈಬ್ರಿಡ್ ಕಾರಿನ ಕೆಲವು ಮಾದರಿಗಳಿಗೂ ಇದೇ ಟೈರು ಇತ್ತು. ಭಾರೀ ವೇಗಕ್ಕೆ ಹೋಗದೆಯೇ ಚಾಲಕನಿಗೆ ಕಾರಿನ ಹಿಡಿತದ ಮಿತಿ ಅನುಭವಕ್ಕೆ ಬರಬೇಕು ಎಂಬುದು ಮುಖ್ಯ ಎಂಜಿನಿಯರ್ ಟೆಟ್ಸುಯಾ ತಾಡಾ ಅವರ ತಂಡದ ಆಲೋಚನೆಯಾಗಿತ್ತು.

ಈ ಕಾರಿಗೆ ಹೆಚ್ಚು ಗ್ರಿಪ್ ಇರುವ ಟೈರು ಹಾಕಿದರೆ ಒಣ ರಸ್ತೆಯಲ್ಲಿ ಬೇಗ ನಿಲ್ಲುತ್ತದೆ, ತಿರುವಿನಲ್ಲಿ ಹೆಚ್ಚು ವೇಗ ತಾಳುತ್ತದೆ. ಆದರೆ ಹಿಡಿತ ತಪ್ಪುವಾಗ ಕಾರಿನ ವೇಗವೂ ಹೆಚ್ಚಿರುತ್ತದೆ. ಆದ್ದರಿಂದ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ನಾವು ಕಾರು ಓಡಿಸುವುದು ಎಲ್ಲಿ, ಯಾವ ಹವೆಯಲ್ಲಿ?

ಗ್ರಿಪ್ ಬರುವುದು ಎಲ್ಲಿಂದ?

ನುಣುಪಾಗಿ ಕಾಣುವ ರಸ್ತೆಯ ಮೇಲೂ ಸಣ್ಣ ಸಣ್ಣ ಉಬ್ಬುತಗ್ಗುಗಳಿರುತ್ತವೆ. ರಬ್ಬರು ಅವುಗಳೊಳಗೆ ಒತ್ತಿಕೊಳ್ಳುತ್ತದೆ, ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಮತ್ತೆ ಮೊದಲಿನ ಆಕಾರಕ್ಕೆ ಮರಳುವಾಗ ಒಂದಷ್ಟು ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ. ಇವೆಲ್ಲ ಸೇರಿ ಆಗುವುದೇ ಹಿಡಿತ. ಇದು ನಡೆಯಬೇಕಾದರೆ ರಬ್ಬರು ಸುಲಭವಾಗಿ ಬಾಗುವಷ್ಟು ಬೆಚ್ಚಗಿರಬೇಕು.

ಸ್ಪೋರ್ಟ್ಸ್ ಕಾರುಗಳಿಗೆ ಹೆಚ್ಚಾಗಿ ಬಳಸುವ ಸಮ್ಮರ್ ಟೈರು ಬೆಚ್ಚನೆಯ ರಸ್ತೆಯಲ್ಲಿ, ಮಳೆಯಲ್ಲೂ ಸಹ, ಒಳ್ಳೆಯ ಹಿಡಿತ ಕೊಡುತ್ತದೆ. ತಾಪಮಾನ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಅದು ಗಡುಸಾಗತೊಡಗುತ್ತದೆ. ರೇಸ್ ಟ್ರ್ಯಾಕನ್ನು ಮನಸ್ಸಿನಲ್ಲಿಟ್ಟು ಮಾಡಿದ ಸೆಮಿ-ಸ್ಲಿಕ್ ಟೈರು ಕಾವೇರಿದ ಮೇಲೆ ಎಲ್ಲಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಆದರೆ ತಣ್ಣಗಿರುವಾಗ ಅದರ ಹಿಡಿತ ಕಡಿಮೆ, ಕಾಲುವೆಗಳೂ ಕಡಿಮೆ ಇರುವುದರಿಂದ ನಿಂತ ನೀರಿನಲ್ಲಿ ಅಪಾಯಕಾರಿ. ಆಫೀಸಿಗೆ ಹೋಗಿಬರುವ ಕಾರಿಗೆ ಅದು ತಕ್ಕದ್ದಲ್ಲ.

ಬೆಂಗಳೂರಿನಂಥ ಊರಲ್ಲಿ ಸಮ್ಮರ್ ಟೈರು ವರ್ಷವಿಡೀ ನಡೆಯುತ್ತದೆ, ಮಳೆಯಲ್ಲಿ ಅದರ ಹಿಡಿತ ಹೇಗೆ ಎಂಬುದನ್ನು ನೋಡಿಕೊಂಡರಾಯಿತು. ಮ್ಯೂನಿಕ್ ಅಥವಾ ಚಿಕಾಗೊದಲ್ಲಿರುವ ಕನ್ನಡಿಗರಿಗೆ ಚಳಿಗಾಲಕ್ಕೆಂದೇ ಬೇರೆ ಟೈರು ಬೇಕು. ಜರ್ಮನಿಯಲ್ಲಿ ಹಿಮ ಬಿದ್ದ ರಸ್ತೆಗೆ ಇಳಿಯಲು ಅಂಥ ಟೈರು ಕಾನೂನಿನ ಪ್ರಕಾರವೂ ಕಡ್ಡಾಯ.

ಅಗಲವಾದಷ್ಟೂ ಒಳ್ಳೆಯದೇ?

ಒಣ ರಸ್ತೆಯಲ್ಲಿ ಅಗಲದಿಂದ ಲಾಭವಿದೆ. ನೀರು ನಿಂತ ರಸ್ತೆಯಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಟೈರು ಅಗಲವಾದಷ್ಟೂ ಅದು ಪಕ್ಕಕ್ಕೆ ತಳ್ಳಬೇಕಾದ ನೀರು ಹೆಚ್ಚು. ತಳ್ಳಲಾಗದಿದ್ದರೆ ಟೈರು ನೀರಿನ ಮೇಲೇ ತೇಲತೊಡಗುತ್ತದೆ, ಸ್ಟೀರಿಂಗ್ ಆಗಲಿ ಬ್ರೇಕ್ ಆಗಲಿ ಕೆಲಸಕ್ಕೆ ಬರುವುದಿಲ್ಲ. ಇದಕ್ಕೆ ಅಕ್ವಾಪ್ಲೇನಿಂಗ್ ಎನ್ನುತ್ತಾರೆ. ಟೈರು ಸವೆದು ಕಾಲುವೆಗಳ ಆಳ ಕಡಿಮೆಯಾದಂತೆ ಈ ಅಪಾಯ ಹೆಚ್ಚುತ್ತಾ ಹೋಗುತ್ತದೆ. ಭಾರತದಲ್ಲಿ ಆಳ 1.6 ಮಿ.ಮೀ. ಇರುವವರೆಗೂ ಕಾನೂನಿನ ಅಡ್ಡಿಯಿಲ್ಲ, ನಿಜ. ಮಳೆಗಾಲದಲ್ಲಿ ಅಲ್ಲಿಯವರೆಗೆ ಕಾಯದಿರುವುದೇ ಕ್ಷೇಮ.

ಟೈರಿನ ಪಕ್ಕದಲ್ಲಿರುವ ಬರಹ

ಟೊಯೊಟಾ 86ರ ಟೈರಿನ ಅಳತೆ 215/45 ಆರ್17. ಇಲ್ಲಿ 215 ಎಂದರೆ ಮಿ.ಮೀ.ನಲ್ಲಿ ಅಗಲ, 45 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 45ರಷ್ಟು, 17 ಎಂದರೆ ಇಂಚಿನಲ್ಲಿ ರಿಮ್‌ನ ವ್ಯಾಸ. ಇದರ ಮುಂದೆ 87ಡಬ್ಲ್ಯೂ ಎಂದಿದ್ದರೆ ಆ ಟೈರು 545 ಕೆ.ಜಿ. ಭಾರವನ್ನೂ ಗಂಟೆಗೆ 270 ಕಿ.ಮೀ. ವೇಗವನ್ನೂ ತಾಳಬಲ್ಲದು. ವೇಗದ ಅಕ್ಷರ ಗ್ರಿಪ್‌ನ ಅಳತೆ ಅಲ್ಲ. ಕಾರು ತಯಾರಕರು ಹೇಳಿದ ಭಾರ ಮತ್ತು ವೇಗದ ಮಿತಿಗಿಂತ ಕಡಿಮೆಯ ಟೈರನ್ನು ಮಾತ್ರ ಆರಿಸಬಾರದು.

ಅನೇಕ ಟೈರುಗಳ ಮೇಲೆ ಟ್ರೆಡ್‌ವೇರ್ ಎಂಬ ಸಂಖ್ಯೆಯೂ ಇರುತ್ತದೆ. ಇದು ಅಮೆರಿಕದ ನಿಯಮದಿಂದ ಬಂದದ್ದು. ಒಂದು ಮಾದರಿ ಟೈರಿಗೆ 100 ಎಂದಿಟ್ಟುಕೊಂಡು ಉಳಿದವುಗಳ ಸವೆತವನ್ನು ಅದಕ್ಕೆ ಹೋಲಿಸುತ್ತಾರೆ. ಆದರೆ ಸಂಖ್ಯೆ ಕೊಡುವುದು ಆಯಾ ಟೈರು ಕಂಪನಿಯೇ. ಹಾಗಾಗಿ ಒಂದು ಕಂಪನಿಯ 300ನ್ನು ಇನ್ನೊಂದರ 300ಕ್ಕೆ ಸಮ ಎಂದುಕೊಳ್ಳುವಂತಿಲ್ಲ.

ಕೊಳ್ಳುವ ಮುನ್ನ ಡಾಟ್ ಸಂಕೇತದ ಕೊನೆಯ ನಾಲ್ಕು ಅಂಕಿಗಳನ್ನೂ ನೋಡಿ. 2324 ಎಂದಿದ್ದರೆ ಅದು 2024ರ 23ನೇ ವಾರದಲ್ಲಿ ತಯಾರಾದ ಟೈರು. ಬಳಸದೆ ಇಟ್ಟರೂ ರಬ್ಬರಿಗೆ ವಯಸ್ಸಾಗುತ್ತದೆ.

ಎರಡೇ ಟೈರು ಬದಲಿಸುವುದಾದರೆ?

ನಾಲ್ಕನ್ನೂ ಒಟ್ಟಿಗೆ, ಒಂದೇ ಮಾದರಿಯವನ್ನು ಹಾಕಿಸುವುದು ಉತ್ತಮ. ಎರಡನ್ನಷ್ಟೇ ಕೊಳ್ಳುವುದಾದರೆ, ಮುಂದಿನ ಮತ್ತು ಹಿಂದಿನ ಅಳತೆ ಒಂದೇ ಇರುವ ಕಾರಿನಲ್ಲಿ ಹೊಸವು ಹಿಂದಕ್ಕಿರಲಿ. 'ಎಂಜಿನ್ ಯಾವ ಚಕ್ರ ತಿರುಗಿಸುತ್ತದೋ ಅಲ್ಲಿಗೆ ಹೊಸ ಟೈರು' ಎಂಬುದು ತಪ್ಪು ಕಲ್ಪನೆ. ಒದ್ದೆ ರಸ್ತೆಯಲ್ಲಿ ಮುಂದಿನ ಟೈರು ಜಾರಿದರೆ ಕಾರು ತಿರುಗದೆ ನೇರ ಸಾಗುತ್ತದೆ, ವೇಗ ಇಳಿಸಿ ಸಂಭಾಳಿಸುವ ಅವಕಾಶವಿರುತ್ತದೆ. ಹಿಂದಿನದು ಜಾರಿದರೆ ಕಾರೇ ಗಿರಕಿ ಹೊಡೆಯುತ್ತದೆ, ಅದನ್ನು ಹತೋಟಿಗೆ ತರುವುದು ನುರಿತವರಿಗೂ ಕಷ್ಟ.

ಹೊಸ ಟೈರು ಹಾಕಿಸಿದ ಮೇಲೆ ಮೊದಲ ಕೆಲವು ನೂರು ಕಿಲೋಮೀಟರ್ ನಿಧಾನವಾಗಿ ಓಡಿಸಿ. ಅಚ್ಚಿನಿಂದ ಬಂದ ನುಣುಪು ಪದರ ಸವೆಯುವವರೆಗೆ, ಎಷ್ಟೇ ಬೆಲೆಯ ಟೈರಾದರೂ ಪೂರ್ತಿ ಹಿಡಿತ ಕೊಡುವುದಿಲ್ಲ.