ಆರಿದ್ರಾ ಮಳೆಯ ಲೆಕ್ಕ ತಪ್ಪುತ್ತಿರುವುದೇಕೆ?

‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಎಂಬ ಗಾದೆಯನ್ನು ಅಜ್ಜ-ಅಜ್ಜಿಯರ ಬಾಯಲ್ಲಿ ಕೇಳಿದ್ದೀರಾ ಮಕ್ಕಳೇ? ಜೂನ್ ಕೊನೆಯ ವಾರದ ಹೊತ್ತಿಗೆ ಶುರುವಾಗುವ ಆರಿದ್ರಾ ಮಳೆ ಚೆನ್ನಾಗಿ ಬಿದ್ದರೆ ಬೆಳೆಗೆ ಭಯವಿಲ್ಲ ಎಂದು ಅದರ ಅರ್ಥ. ಹೀಗೆ ಮಳೆ ನಕ್ಷತ್ರ ನೋಡಿ ಬಿತ್ತುವ ಲೆಕ್ಕ ಈಗೀಗ ತಪ್ಪುತ್ತಿದೆ. ಯಾಕೆ? ಮೊದಲು ಮುಂಗಾರು ಹೇಗೆ ಬರುತ್ತದೆ ಎಂದು ನೋಡೋಣ.

ಬೇಸಿಗೆಯ ಮಧ್ಯಾಹ್ನ ಕಡಲ ತೀರದಲ್ಲಿ ಮರಳು ಕಾಲು ಸುಡುತ್ತದೆ, ನೀರು ಮಾತ್ರ ತಂಪಾಗಿರುತ್ತದೆ. ನೆಲ ಬೇಗ ಕಾಯುತ್ತದೆ, ನೀರು ನಿಧಾನವಾಗಿ. ಏಪ್ರಿಲ್-ಮೇನಲ್ಲಿ ನಮ್ಮ ದೇಶದ ನೆಲ ಹೀಗೆ ಕಾದಾಗ ಗಾಳಿ ಹಗುರಾಗಿ ಮೇಲೇರುತ್ತದೆ. ಆ ಜಾಗ ತುಂಬಲು ಹಿಂದೂ ಮಹಾಸಾಗರದ ತೇವದ ಗಾಳಿ ಹೊರಡುತ್ತದೆ. ಭೂಮಿ ತಿರುಗುತ್ತಿರುವುದರಿಂದ ಸಮಭಾಜಕ ವೃತ್ತ ದಾಟಿದ ಮೇಲೆ ಅದು ಬಲಕ್ಕೆ ವಾಲಿ, ನೈಋತ್ಯ ದಿಕ್ಕಿನಿಂದ ಬೀಸುತ್ತದೆ. ಸಾಮಾನ್ಯವಾಗಿ ಜೂನ್ 1ರ ಹೊತ್ತಿಗೆ ಕೇರಳಕ್ಕೆ, ಕೆಲವೇ ದಿನಗಳಲ್ಲಿ ನಮ್ಮ ಕರಾವಳಿಗೆ ಬರುತ್ತದೆ.

ಪಶ್ಚಿಮ ಘಟ್ಟ ಅಡ್ಡ ಬಂದಾಗ ಈ ಗಾಳಿ ಮೇಲೇರಿ ತಣ್ಣಗಾಗಿ ಮಳೆ ಸುರಿಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ! ಘಟ್ಟ ಇಳಿದು ಚಳ್ಳಕೆರೆ ತಲುಪುವಷ್ಟರಲ್ಲಿ ಗಾಳಿಯ ತೇವ ಬಹುಪಾಲು ಮುಗಿದಿರುತ್ತದೆ. ಅಲ್ಲಿ 600 ಮಿ.ಮೀ. ಕೂಡ ಬೀಳುವುದಿಲ್ಲ.

ಈಗ ಬದಲಾಗಿರುವುದೇನು? ಕಲ್ಲಿದ್ದಲು, ಪೆಟ್ರೋಲ್ ಉರಿಸಿ ನಾವು ಭೂಮಿಯನ್ನು ಬಿಸಿ ಮಾಡಿದ್ದೇವೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಹಾಗಾಗಿ ಸುರಿದರೆ ಧೋ ಎಂದು ಸುರಿಯುತ್ತದೆ. 1950ರಿಂದ 2015ರ ನಡುವೆ ಮಧ್ಯ ಭಾರತದಲ್ಲಿ ವ್ಯಾಪಕವಾದ ಅತಿವೃಷ್ಟಿಯ ಘಟನೆಗಳು ಮೂರು ಪಟ್ಟಾಗಿವೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ವಿಪರೀತ ಮಳೆಗೆ ಗುಡ್ಡಗಳೇ ಕುಸಿದವು. ಐದು ವರ್ಷಗಳ ನಂತರ, 2023ರ ಆಗಸ್ಟ್, ದೇಶದಲ್ಲಿ 1901ರಿಂದೀಚೆಗಿನ ಅತಿ ಒಣ ಆಗಸ್ಟ್ ಆಯಿತು. ಕರ್ನಾಟಕದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಆ ವರ್ಷ ಪೆಸಿಫಿಕ್ ಸಾಗರ ಬಿಸಿಯೇರುವ ‘ಎಲ್ ನಿನೊ’ ಪರಿಣಾಮವೂ ಇತ್ತು.

ವರ್ಷದ ಒಟ್ಟು ಮಳೆ ಅಷ್ಟೇ ಬಂದರೆ ಸಾಲದೇ? ಹೀಗೆ ಮಾಡಿ ನೋಡಿ: ಒಣ ಮಣ್ಣಿನ ಎರಡು ಕುಂಡ ತೆಗೆದುಕೊಳ್ಳಿ. ಒಂದಕ್ಕೆ ಒಂದು ಚೊಂಬು ನೀರನ್ನು ಒಮ್ಮೆಲೇ ಸುರಿಯಿರಿ, ಇನ್ನೊಂದಕ್ಕೆ ಅಷ್ಟೇ ನೀರನ್ನು ಸ್ವಲ್ಪ ಸ್ವಲ್ಪವಾಗಿ ಚಿಮುಕಿಸಿ. ಮೊದಲನೆಯದರಲ್ಲಿ ನೀರು ತುಂಬಿ ಹೊರಚೆಲ್ಲುತ್ತದೆ, ಮಣ್ಣೂ ಕೊಚ್ಚಿಹೋಗುತ್ತದೆ. ಎರಡನೆಯದು ನೀರನ್ನು ಕುಡಿಯುತ್ತದೆ. ಹೊಲವೂ ಹಾಗೆಯೇ. ರಾಗಿ ಪೈರಿಗೆ, ಬಾವಿಗೆ ಬೇಕಾದದ್ದು ಹದವಾದ ಮಳೆ. ಬಿತ್ತಿದ ಮೇಲೆ ಮಳೆ ಮೂರು ವಾರ ಕೈಕೊಟ್ಟರೆ ಬೀಜ, ಗೊಬ್ಬರದ ಸಾಲ ರೈತನ ತಲೆ ಮೇಲೆ ಉಳಿಯುತ್ತದೆ.

ದಿನಕ್ಕೆ 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಹವಾಮಾನ ಇಲಾಖೆ ಅದನ್ನು ‘ಮಳೆ ದಿನ’ ಎನ್ನುತ್ತದೆ. ಈ ಸಲ ಅಂಗಳದಲ್ಲಿ ನೇರ ಗೋಡೆಯ, ಸಪಾಟು ತಳದ ಡಬ್ಬಿ ಇಡಿ. ಪ್ರತಿದಿನ ಬೆಳಿಗ್ಗೆ ಸ್ಕೇಲಿನಿಂದ ಅಳೆದು ಬರೆದಿಟ್ಟು, ಡಬ್ಬಿ ಖಾಲಿ ಮಾಡಿ. ನಿಮ್ಮೂರಿಗೆ ಎಷ್ಟು ಮಳೆ ಬಂತು, ಎಷ್ಟು ದಿನ ಬಂತು ಎರಡೂ ತಿಳಿಯುತ್ತದೆ.