ಪರೀಕ್ಷೆ ಮುಗಿದರೂ ಮಕ್ಕಳಿಗೆ ನಿದ್ದೆ ಏಕಿಲ್ಲ?

ಜೂನ್ ತಿಂಗಳ ಒಂದು ಸಂಜೆ ಕಾವೂರು ಜಂಕ್ಷನ್‌ನ ಯಾವುದಾದರೊಂದು ಝೆರಾಕ್ಸ್ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತು ನೋಡಿ. ಹೊರಗೆ ಮಳೆ. ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬಂದ ಹುಡುಗ, ಪಕ್ಕದಲ್ಲಿ ಉಮ್ಮ, ವಾಟ್ಸ್ಆ್ಯಪ್ ಕರೆಯಲ್ಲಿ ದಮ್ಮಾಮ್‌ನಿಂದ ಉಪ್ಪ. “ಮೊದಲು ಯಾವ ಕಾಲೇಜು ಹಾಕಲಿ?” ಎಂದು ಕಂಪ್ಯೂಟರ್ ಮುಂದೆ ಕುಳಿತವನು ಕೇಳುತ್ತಾನೆ. ಉಮ್ಮ ಒಂದು ಹೆಸರು ಹೇಳುತ್ತಾರೆ, ಉಪ್ಪ ಇನ್ನೊಂದು ಹೇಳುತ್ತಾರೆ. ಓದಬೇಕಾದ ಹುಡುಗ ಮಾತ್ರ ಸುಮ್ಮನೆ ನಿಂತಿರುತ್ತಾನೆ.

ಅವನು ಎರಡು ವಾರಗಳಿಂದ ಸರಿಯಾಗಿ ನಿದ್ದೆ ಮಾಡಿಲ್ಲ ಎಂಬುದು ಇಬ್ಬರಿಗೂ ಗೊತ್ತಿರುವುದಿಲ್ಲ.

ಪರೀಕ್ಷೆಯ ಒತ್ತಡದ ಬಗ್ಗೆ ನಾವು ಬೇಕಾದಷ್ಟು ಮಾತನಾಡುತ್ತೇವೆ. ಬಾದಾಮಿ ತಿನ್ನಿಸುತ್ತೇವೆ, ಟಿವಿ ಬಂದ್ ಮಾಡುತ್ತೇವೆ, ನೆಂಟರ ಮನೆಯ ಮದುವೆಗೂ ಹೋಗುವುದಿಲ್ಲ. ಆದರೆ ದ್ವಿತೀಯ ಪಿಯುಸಿ ಮಕ್ಕಳನ್ನು ಹೆಚ್ಚು ಹಣ್ಣಾಗಿಸುವುದು ಪರೀಕ್ಷೆಯ ನಂತರದ ಕಾಯುವಿಕೆ. 2025ರ ಲೆಕ್ಕವನ್ನೇ ನೋಡಿ. ಮಾರ್ಚ್ 1ಕ್ಕೆ ಪಿಯುಸಿ ಪರೀಕ್ಷೆ ಶುರು, ಮರುದಿನವೇ ರಮಝಾನ್. ಏಪ್ರಿಲ್ 8ಕ್ಕೆ ಫಲಿತಾಂಶ. ಏಪ್ರಿಲ್ 16 ಮತ್ತು 17ರಂದು ಸಿಇಟಿ, ಮೇ 4ರಂದು ನೀಟ್. ಸಿಇಟಿ ಫಲಿತಾಂಶ ಮೇ 24ಕ್ಕೆ, ನೀಟ್ ಫಲಿತಾಂಶ ಜೂನ್ 14ಕ್ಕೆ. ಆಮೇಲೆ ಆಪ್ಶನ್ ಎಂಟ್ರಿ, ಅಣಕು ಹಂಚಿಕೆ, ಮೊದಲ ಸುತ್ತು, ಎರಡನೇ ಸುತ್ತು. ಹದಿನೇಳು-ಹದಿನೆಂಟರ ಮಗು ಸುಮಾರು ಆರು ತಿಂಗಳು ‘ನಾಳೆ ಏನಾಗುತ್ತದೋ’ ಎಂದು ಉಸಿರು ಬಿಗಿಹಿಡಿದಿರಬೇಕು.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಭಾರ ಸೇರುತ್ತದೆ. 2025ರ ಪಿಯುಸಿ ಫಲಿತಾಂಶದಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಶೇಕಡಾ 93.57ರೊಂದಿಗೆ ಎರಡನೆಯದು. ಹೆಮ್ಮೆಯ ಸಂಗತಿಯೇ. ಆದರೆ ಎಲ್ಲರೂ ಪಾಸಾಗುವ ಊರಿನಲ್ಲಿ ಪಾಸಾಗುವುದಕ್ಕೆ ಬೆಲೆಯಿಲ್ಲ. ಶೇಕಡಾ 82 ತಂದವಳು ಮುಖ ಮುಚ್ಚಿಕೊಂಡು ತಿರುಗಬೇಕಾಗುತ್ತದೆ.

ಮಕ್ಕಳು ಇದನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ಅವರ ದೇಹ ಹೇಳುತ್ತದೆ. ಹೊಟ್ಟೆ ಉರಿ, ಮಧ್ಯಾಹ್ನದ ತಲೆನೋವು, ಊಟ ಬೇಡ ಎನ್ನುವುದು, ಹೆಣ್ಣುಮಕ್ಕಳಲ್ಲಿ ಮುಟ್ಟು ಮುಂದೆ ಹೋಗುವುದು, ಸಣ್ಣ ಮಾತಿಗೆ ತಮ್ಮನ ಮೇಲೆ ರೇಗುವುದು. ಎಲ್ಲಕ್ಕಿಂತ ಮೊದಲು ಕೆಡುವುದು ನಿದ್ದೆ. ಈ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಹದಿಹರೆಯದಲ್ಲಿ ನಿದ್ದೆ ಬರುವ ಹೊತ್ತೇ ಸ್ವಲ್ಪ ತಡವಾಗುತ್ತದೆ, ಅದು ಸೋಮಾರಿತನವಲ್ಲ. ರಮಝಾನ್‌ನಲ್ಲಿ ತರಾವೀಹ್ ಮುಗಿಸಿ ಓದಿ, ಸಹರಿಗೆ ಎದ್ದು, ಬೆಳಿಗ್ಗೆ ಪರೀಕ್ಷೆಗೆ ಹೋದ ಮಗುವಿನ ನಿದ್ದೆಯ ಹೊತ್ತು ಆ ತಿಂಗಳಲ್ಲಿ ಅಡಿಮೇಲಾಗಿರುತ್ತದೆ. ಈದ್ ಕಳೆದ ಮೇಲಾದರೂ ಅದನ್ನು ಸರಿಪಡಿಸಿ. ದಿನವೂ ಒಂದೇ ಹೊತ್ತಿಗೆ ಏಳಿಸಿ, ಸಂಜೆಯ ಮೇಲೆ ಚಹಾ ಕಾಫಿ ಬೇಡ, ಮೊಬೈಲ್ ರಾತ್ರಿ ಹಾಲ್‌ನಲ್ಲೇ ಚಾರ್ಜ್ ಆಗಲಿ. ನಿಮ್ಮದೂ ಅಲ್ಲೇ ಇರಲಿ, ಇಲ್ಲದಿದ್ದರೆ ಅವರು ಒಪ್ಪುವುದಿಲ್ಲ.

ಇನ್ನು ನಿಮ್ಮ ಕೆಲಸ. ತಂದೆತಾಯಿ ಹೊರಬೇಕಾದ ಭಾರ ಕಾಗದಪತ್ರಗಳದ್ದು. ನಾವು ಮಾಡುವುದು ತಿರುಗುಮುರುಗು. ಕಾಗದಕ್ಕೆ ಮಗುವನ್ನು ಓಡಿಸಿ, ಯಾವ ಕೋರ್ಸ್ ಎಂಬ ತೀರ್ಮಾನ ನಾವು ತೆಗೆದುಕೊಳ್ಳುತ್ತೇವೆ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮುಹಮ್ಮದ್’, ಆಧಾರ್‌ನಲ್ಲಿ ‘ಮೊಹಮ್ಮದ್’, ಪಿಯು ಕಾಲೇಜಿನ ದಾಖಲೆಯಲ್ಲಿ ಬರೀ ‘ಎಂಡಿ’. ಇಂಗ್ಲಿಷ್ ಅಕ್ಷರಗಳಲ್ಲಿ ಇನ್ನೂ ಎರಡು ಬಗೆ. ನಮ್ಮ ಎಷ್ಟೋ ಮನೆಗಳ ಕಥೆಯಿದು. ಇದನ್ನು ಪಿಯುಸಿ ಮೊದಲ ವರ್ಷದಲ್ಲೇ ಸರಿಪಡಿಸಿದರೆ ಜೂನ್‌ನಲ್ಲಿ ಅಳು ತಪ್ಪುತ್ತದೆ. 2ಬಿ ಪ್ರವರ್ಗದ ಜಾತಿ-ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮೊದಲೇ ತೆಗೆಸಿಡಿ, ಅದರ ಆರ್‌ಡಿ ಸಂಖ್ಯೆ ಅರ್ಜಿಯಲ್ಲಿ ಬೇಕಾಗುತ್ತದೆ. ನೋಂದಣಿಗೆ ಕೊಡುವ ಮೊಬೈಲ್ ನಂಬರ್ ಮನೆಯಲ್ಲಿರುವ ಫೋನಿನದ್ದಾಗಿರಲಿ. ಗಲ್ಫ್‌ನಲ್ಲಿರುವ ಉಪ್ಪನ ಊರಿನ ಸಿಮ್‌ಗೆ ಒಟಿಪಿ ಹೋಗಿ, ಅವರು ಡ್ಯೂಟಿಯಲ್ಲಿ, ಇಲ್ಲಿ ಕೊನೆಯ ದಿನದ ಕೊನೆಯ ಗಂಟೆ. ಅಂಥ ರಾತ್ರಿ ಯಾವ ಮನೆಗೂ ಬೇಡ.

ಆಪ್ಶನ್ ಎಂಟ್ರಿಯನ್ನು ಅರ್ಥಮಾಡಿಕೊಂಡರೂ ಭಯ ಅರ್ಧ ಇಳಿಯುತ್ತದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತಾ ಬಂದು, ರ‍್ಯಾಂಕ್‌ಗೆ ಸಿಗುವ ಮೊದಲ ಸೀಟನ್ನು ಕೊಡುತ್ತದೆ. ಆದ್ದರಿಂದ ಮನಸ್ಸಿಗೆ ಹೆಚ್ಚು ಬೇಕಾದದ್ದು ಮೇಲೆ. ಖಂಡಿತ ಬೇಡವಾದದ್ದು, ಫೀಸು ಕಟ್ಟಲಾಗದ್ದು ಪಟ್ಟಿಯಲ್ಲೇ ಬೇಡ. ಅಣಕು ಹಂಚಿಕೆ ನೋಡಿ ಹೆದರಬೇಡಿ, ಅದು ಬಂದ ಮೇಲೆ ಕ್ರಮ ಬದಲಿಸಬಹುದು. ಸೀಟು ಬಂದಾಗ ಒಪ್ಪಿ ಸೇರುವುದು, ಒಪ್ಪಿಕೊಂಡೇ ಮುಂದಿನ ಸುತ್ತಿಗೆ ಕಾಯುವುದು, ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿ ಹೊರಬರುವುದು ಎಂಬ ಆಯ್ಕೆಗಳಿರುತ್ತವೆ. ಕೊನೆಯದನ್ನು ಸಿಟ್ಟಿನಲ್ಲಿ ಒತ್ತಬಾರದು. ಆ ವರ್ಷದ ಸೂಚನೆಯನ್ನು ಉಮ್ಮನೋ ಉಪ್ಪನೋ ಕುಳಿತು ಪೂರ್ತಿ ಓದಿ, ಪಕ್ಕದ ಮನೆಯವರ ಮಾತು ಸಾಲದು.

ವೈದ್ಯಕೀಯಕ್ಕೆ ಇನ್ನೊಂದು ಗೊಂದಲವಿದೆ. ಮಂಗಳೂರಿನಲ್ಲಿ ಎಲ್ಲಿ ತಿರುಗಿದರೂ ಮೆಡಿಕಲ್ ಕಾಲೇಜು, ಆದರೆ ಎಲ್ಲದಕ್ಕೂ ಬಾಗಿಲು ಒಂದೇ ಅಲ್ಲ. ಫಾದರ್ ಮುಲ್ಲರ್, ಎ.ಜೆ., ಕಣಚೂರು ಕಾಲೇಜುಗಳಲ್ಲಿ ರಾಜ್ಯದ ಮೂಲಕ ಸಿಗುವ ಸೀಟುಗಳಿಗೆ ಪರೀಕ್ಷಾ ಪ್ರಾಧಿಕಾರದ ಪಟ್ಟಿ. ಯೆನೆಪೋಯ, ಕೆ.ಎಸ್. ಹೆಗ್ಡೆ, ಕೆಎಂಸಿ ಡೀಮ್ಡ್ ವಿಶ್ವವಿದ್ಯಾಲಯಗಳ ಕಾಲೇಜುಗಳು, ಅವಕ್ಕೆ ದೆಹಲಿಯ ಎಂಸಿಸಿ ಕೌನ್ಸೆಲಿಂಗ್. ಎರಡಕ್ಕೂ ಬೇರೆ ಬೇರೆ ನೋಂದಣಿ, ಬೇರೆ ಬೇರೆ ದಿನಾಂಕ.

“ನೀಟ್ ಪಾಸಾಗಿದೆಯಲ್ಲ, ಮತ್ತೆ ಸೀಟು ಯಾಕೆ ಸಿಗಲಿಲ್ಲ?” ಎಂದು ಮಸೀದಿಯ ಮೆಟ್ಟಿಲಲ್ಲಿ, ಮದುವೆ ಹಾಲ್‌ನಲ್ಲಿ ಕೇಳುವವರಿದ್ದಾರೆ. ಅವರಿಗೆ ಈ ಲೆಕ್ಕ ಕೊಡಿ. 2025ರಲ್ಲಿ ನೀಟ್ ಬರೆದವರು ಸುಮಾರು 22 ಲಕ್ಷ, ಅರ್ಹರಾದವರು 12 ಲಕ್ಷಕ್ಕೂ ಹೆಚ್ಚು. ದೇಶದ ಎಂಬಿಬಿಎಸ್ ಸೀಟುಗಳು 1 ಲಕ್ಷಕ್ಕಿಂತ ಹೆಚ್ಚು, ಅದರಲ್ಲಿ ದೊಡ್ಡ ಭಾಗ ಖಾಸಗಿ ಫೀಸಿನವು. ಸೀಟು ಸಿಗದ ಮಗು ದಡ್ಡ ಅಲ್ಲ. ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುವ ಕೆಲಸವನ್ನು ಮಗುವಿನ ತಲೆಗೆ ಕಟ್ಟಬೇಡಿ. “ಅದೆಲ್ಲ ನಾವು ನೋಡಿಕೊಳ್ಳುತ್ತಿದ್ದೇವೆ, ಆದಾಗ ಹೇಳುತ್ತೇವೆ” ಎಂದು ನೀವೇ ಅಡ್ಡ ನಿಂತರೆ ಸಾಕು.

ಹಣದ ಮಾತನ್ನು ಮುಚ್ಚಿಡಬೇಡಿ. ಎಷ್ಟು ಆಗುತ್ತದೆ, ಎಷ್ಟು ಆಗುವುದಿಲ್ಲ ಎಂದು ಪಟ್ಟಿ ಮಾಡುವ ಮೊದಲೇ ಹೇಳಿಬಿಡಿ. ಸೀಟು ಬಂದ ದಿನ “ಇಷ್ಟು ದುಡ್ಡು ಎಲ್ಲಿಂದ?” ಎಂದು ಕೇಳಿಸುವುದಕ್ಕಿಂತ ಅದು ಎಷ್ಟೋ ಹಗುರ. ಸಿಇಟಿ, ನೀಟ್ ಮೂಲಕ ಆಯ್ಕೆಯಾದವರಿಗೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಯೋಜನೆ ಇದೆ. ಅರ್ಜಿಯ ದಿನಾಂಕವನ್ನು ನಿಗಮದ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿಡಿ.

ಹೆಣ್ಣುಮಕ್ಕಳ ಉಮ್ಮಂದಿರಿಗೆ ಒಂದು ಮಾತು. “ಸೀಟು ಸಿಗದಿದ್ದರೆ ಒಂದು ಒಳ್ಳೆಯ ಸಂಬಂಧ ಬಂದಿದೆ” ಎಂದು ತಮಾಷೆಗೂ ಹೇಳಬೇಡಿ. ನಿಮಗೆ ತಮಾಷೆ. ಅವಳಿಗೆ ಅದು ಗಡುವು. ಆ ರಾತ್ರಿಯಿಂದ ಅವಳು ಓದುವುದು ಕೋರ್ಸಿಗಾಗಿ ಅಲ್ಲ, ತಪ್ಪಿಸಿಕೊಳ್ಳಲಿಕ್ಕೆ.

ಮಕ್ಕಳೇ, ನಿಮಗೂ ಹೇಳುವುದಿದೆ. ಪಿಯುಸಿಯಲ್ಲಿ ಅಂಕ ಕಡಿಮೆಯಾದರೆ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಬಹುದು, ಹೆಚ್ಚಿನ ಅಂಕವೇ ಉಳಿಯುತ್ತದೆ. ಎಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯುಸಿಯದ್ದು ಅರ್ಧ, ಸಿಇಟಿಯದ್ದು ಅರ್ಧ. ನೀಟ್ ಮತ್ತೊಮ್ಮೆ ಬರೆಯುವುದು ನಾಚಿಕೆಯ ವಿಷಯವಲ್ಲ. ಆದರೆ ಬರೆಯಬೇಕೆನಿಸುವುದು ನಿಮಗೋ, ಸಂಬಂಧಿಕರಿಗೋ ಎಂದು ಒಮ್ಮೆ ಕೇಳಿಕೊಳ್ಳಿ. ಇಸ್ತಿಖಾರ ಮಾಡುವವರು ಮಾಡಿ, ಜೊತೆಗೆ ಆ ಕೋರ್ಸ್ ಓದುತ್ತಿರುವ ಒಬ್ಬರನ್ನಾದರೂ ಭೇಟಿಯಾಗಿ ಮಾತಾಡಿ. ಬೇಕಾದ ಕೋರ್ಸನ್ನು ಉಪ್ಪನಿಗೆ ಬಾಯಲ್ಲಿ ಹೇಳಲು ಆಗದಿದ್ದರೆ ಒಂದು ವಾಯ್ಸ್ ಮೆಸೇಜ್ ಕಳಿಸಿ.

ನಿದ್ದೆ, ಊಟ, ಮಾತು ಎರಡು ವಾರ ದಾಟಿಯೂ ಸರಿಯಾಗದಿದ್ದರೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಕಾವೂರಿನಿಂದ ವೆನ್ಲಾಕ್ ಆಸ್ಪತ್ರೆ ದೂರವಲ್ಲ. ‘ಹುಚ್ಚು ಎಂದಾರು’ ಎಂದು ಮುಚ್ಚಿಡುವವರು ನಮ್ಮಲ್ಲಿ ಇನ್ನೂ ಇದ್ದಾರೆ, ಆದರೆ ಸಕ್ಕರೆ ಕಾಯಿಲೆಗೆ ಹೋಗುವ ಹಾಗೆಯೇ ಇದಕ್ಕೂ ಹೋಗುವುದು. ‘ನಾನಿಲ್ಲದಿದ್ದರೆ ನಿಮಗೆಲ್ಲ ಒಳ್ಳೆಯದು’ ಎಂಬಂಥ ಮಾತು ಬಂದರೆ, ಇಷ್ಟದ ವಸ್ತುಗಳನ್ನು ಇದ್ದಕ್ಕಿದ್ದಂತೆ ಹಂಚತೊಡಗಿದರೆ, ನಾಳೆಗೆ ಬಿಡಬೇಡಿ. “ಸಾಯಬೇಕು ಅನಿಸುತ್ತಿದೆಯಾ?” ಎಂದು ನೇರವಾಗಿ, ಮೆಲ್ಲಗೆ ಕೇಳಿ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಬೈಯಬೇಡಿ, ಆ ಹೊತ್ತಿನಲ್ಲಿ ಪಾಪಪುಣ್ಯದ ಉಪದೇಶವೂ ಬೇಡ, ಒಬ್ಬಂಟಿಯಾಗಿ ಬಿಡಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಉಮ್ಮ ಉಪ್ಪಂದಿರೂ ತಮಗಾಗಿ ಕರೆ ಮಾಡಬಹುದು. ಆ ನಂಬರನ್ನು ಕಾಲೇಜು ಪಟ್ಟಿ ಬರೆದಿಟ್ಟ ಪುಸ್ತಕದ ಮೊದಲ ಹಾಳೆಯಲ್ಲೇ ಬರೆದಿಡಿ.